ಅಲುಗುವ ಕೇಂದ್ರ

ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಗಿ ಬಂದ ಹೊಸತು. ಅಲ್ಲಿನ ಬಸ್ ನಿಲ್ದಾಣದಲ್ಲಿ ‘ಕನ್ನಡ’ ಎಂಬ ಫಲಕ ಹೊತ್ತ ಕೆಂಪು ಬಸ್ಸೊಂದು ನಿಂತಿತ್ತು. ಲಿಪಿ ದೇವನಾಗರಿ, ಕಂಡಕ್ಟರನ ಕೂಗು ಮರಾಠಿ, ಊರಿನ ಹೆಸರು ಮಾತ್ರ ನಮ್ಮ ನುಡಿಯದು. ಕನ್ನಡ ಎಂಬುದು ಈ ಜಿಲ್ಲೆಯ ಒಂದು ತಾಲ್ಲೂಕು ಸ್ಥಳವೆಂದು ಆಮೇಲೆ ತಿಳಿಯಿತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಗೋದಾವರಿಯನ್ನು ಹೆಸರಿಸುತ್ತದೆ. ಈ ಊರು ಆ ನದಿಯನ್ನೂ ದಾಟಿ ಉತ್ತರಕ್ಕಿದೆ. ಹೆಸರಿನ ವ್ಯುತ್ಪತ್ತಿಯ ಚರ್ಚೆ ಬೇರೊಂದು ಲೇಖನಕ್ಕಿರಲಿ. ಒಂದು ಭಾನುವಾರ ನಾನು ಆ ಬಸ್ಸನ್ನು ಹತ್ತಿದ್ದು, ಕನ್ನಡವನ್ನು ದಾಟಿ, ಘಟ್ಟವಿಳಿದು, ಚಾಳೀಸಗಾಂವ್ ಬಳಿಯ ಪಾಟಣವೆಂಬ ಹಳ್ಳಿಯನ್ನು ಮುಟ್ಟಲೆಂದು.

ಪಾಟಣದಲ್ಲಿ ದೊರೆತ ಶಾಸನವೊಂದು ನಮ್ಮ ಗಣಿತದ ಚರಿತ್ರೆಯಲ್ಲಿ ಅಪರೂಪದ್ದು. ಅದರ ಕಾಲ 1207. ದೇವಗಿರಿಯ ಸೇವುಣ ಅರಸ ಸಿಂಘಣನ ಆಸ್ಥಾನ ಜ್ಯೋತಿಷಿಯಾಗಿದ್ದ ಚಾಂಗದೇವನು ತನ್ನ ಅಜ್ಜ ಭಾಸ್ಕರಾಚಾರ್ಯರ ಗ್ರಂಥಗಳ ಅಧ್ಯಯನಕ್ಕಾಗಿಯೇ ಇಲ್ಲೊಂದು ಮಠವನ್ನು ಸ್ಥಾಪಿಸಿದ. ಸ್ಥಳೀಯ ನಿಕುಂಭ ವಂಶದ ಅರಸರು ಅದಕ್ಕೆ ದತ್ತಿ ಬಿಟ್ಟರು. 1114ರಲ್ಲಿ ಹುಟ್ಟಿದ ಭಾಸ್ಕರರು ತಮ್ಮ ಊರು ಸಹ್ಯಾದ್ರಿಯ ಮಗ್ಗುಲಿನ ವಿಜ್ಜಡವಿಡವೆಂದು ಹೇಳಿಕೊಂಡಿದ್ದಾರೆ. ಅದನ್ನು ವಿಜಯಪುರವೆಂದು ನಾವು ವಾದಿಸುತ್ತ ಬಂದಿದ್ದೇವೆ. ಪಾಟಣದ ಆಸುಪಾಸಿನದೆಂದು ಇಲ್ಲಿನವರು ಶಾಸನವನ್ನು ತೋರಿಸುತ್ತಾರೆ. ಈ ವಿವಾದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ‘ಸಿದ್ಧಾಂತ ಶಿರೋಮಣಿ’ಯಲ್ಲಿನ ಭೂಮಿಯ ಅಳತೆ. ಒಂದೇ ಉತ್ತರ-ದಕ್ಷಿಣ ರೇಖೆಯ ಮೇಲಿರುವ ಎರಡು ಊರುಗಳ ಅಕ್ಷಾಂಶಗಳ ವ್ಯತ್ಯಾಸವನ್ನು ತೆಗೆದುಕೊಳ್ಳಿ. ಅವುಗಳ ನಡುವಿನ ದೂರವನ್ನು ಯೋಜನಗಳಲ್ಲಿ ಅಳೆಯಿರಿ. ಇಷ್ಟು ಅಂಶಕ್ಕೆ ಇಷ್ಟು ಯೋಜನವಾದರೆ 360 ಅಂಶಕ್ಕೆ ಎಷ್ಟು? ಅವರು ಕೊಡುವ ಉತ್ತರ 4,967 ಯೋಜನ. ದೊಡ್ಡ ವೃತ್ತವೊಂದರ ನೂರನೆಯ ಒಂದು ಭಾಗ ಕಣ್ಣಿಗೆ ನೇರವಾಗಿಯೇ ಕಾಣುತ್ತದೆ, ಹಾಗಾಗಿ ಭೂಮಿ ಚಪ್ಪಟೆಯೆನಿಸುತ್ತದೆ ಎಂದೂ ಅವರು ವಿವರಿಸುತ್ತಾರೆ.

ಅವರ ದೇಶಾಂತರದ ಲೆಕ್ಕ ನನಗೆ ಮನದಟ್ಟಾದದ್ದು ಸಂಭಾಜಿನಗರದಿಂದ ನಾಸಿಕಕ್ಕೆ ವರ್ಗವಾದ ಮೇಲೆ. ಈ ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 20 ಅಂಶಗಳ ಆಚೀಚೆ. ರೇಖಾಂಶದಲ್ಲಿ ಮಾತ್ರ ಸುಮಾರು ಒಂದೂವರೆ ಅಂಶದ ಅಂತರ. ಎಂದರೆ ಸಂಭಾಜಿನಗರದಲ್ಲಿ ಮೂಡಿದ ಸೂರ್ಯ ನಾಸಿಕದಲ್ಲಿ ಮೂಡಲು ಆರು ನಿಮಿಷ ಬೇಕು. ಭೂಮಿ ಈ ಅಕ್ಷಾಂಶದಲ್ಲಿ ನಮ್ಮನ್ನು ಸೆಕೆಂಡಿಗೆ ಸುಮಾರು 437 ಮೀಟರ್ ವೇಗದಲ್ಲಿ ಪೂರ್ವಕ್ಕೆ ಹೊತ್ತೊಯ್ಯುತ್ತಿದೆ. ಭೂಮಿಯೇ ತಿರುಗುತ್ತಿದೆ ಎಂದು 499ರ ಸುಮಾರಿಗೆ ಹೇಳಿದವರು ಆರ್ಯಭಟರು. ಯುಗವೊಂದರಲ್ಲಿ ಭೂಮಿ ಎಷ್ಟು ಸುತ್ತು ತಿರುಗುತ್ತದೆಂದು ಅವರು ಕೊಟ್ಟ ಸಂಖ್ಯೆಯಿಂದ ಲೆಕ್ಕ ಹಾಕಿದರೆ, ನಕ್ಷತ್ರಗಳನ್ನು ನೋಡಿ ಅಳೆದ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4.1 ಸೆಕೆಂಡು ಬರುತ್ತದೆ. ಇಂದಿನ ಮೌಲ್ಯವೂ ಸೆಕೆಂಡಿನ ಹತ್ತನೆಯ ಭಾಗದವರೆಗೆ ಅದೇ. ಭಾಸ್ಕರರು ಭೂಭ್ರಮಣವನ್ನು ಒಪ್ಪಲಿಲ್ಲ. ಅವರ ಭೂಮಿ ಆಕಾಶದ ನಡುವೆ ನಿಶ್ಚಲವಾಗಿ ನಿಂತಿದೆ. ಆದರೆ ಒಪ್ಪಿದವರು, ಒಪ್ಪದವರು ಇಬ್ಬರೂ ಒಂದನ್ನು ಪ್ರಶ್ನಿಸಲಿಲ್ಲ: ತಿರುಗುವುದು ಭೂಮಿಯಾಗಲಿ ಆಕಾಶವಾಗಲಿ, ಆ ವೇಗ ಬದಲಾಗದು, ಅಕ್ಷ ಕದಲದು, ಕೇಂದ್ರ ಕೇಂದ್ರದಲ್ಲಿಯೇ ಇರುತ್ತದೆ.

ಕೇಂದ್ರವು ಸ್ಥಿರವೆಂಬ ನಂಬಿಕೆಯನ್ನು ನೆಲದ ಚರಿತ್ರೆಯಾದರೂ ಅಲುಗಿಸಬೇಕಿತ್ತು. ಸೇವುಣರ ಮೊದಲ ರಾಜಧಾನಿ ನಾಸಿಕದ ಬಳಿಯ ಸಿನ್ನರ. ಐದನೆಯ ಭಿಲ್ಲಮನ ಕಾಲಕ್ಕೆ ಅದು ದೇವಗಿರಿಗೆ ಸರಿಯಿತು. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ದಿಲ್ಲಿಯ ರಾಜಧಾನಿಯನ್ನೇ ಆ ದೇವಗಿರಿಗೆ ತಂದು, ದೌಲತಾಬಾದೆಂದು ಕರೆದು, ಕೆಲವೇ ವರ್ಷಗಳಲ್ಲಿ ಹಿಂದಕ್ಕೆ ಹೊರಟ. ಅರಸರ ಕೇಂದ್ರ ಒಂದು ಆಜ್ಞೆಗೆ ಸರಿಯುತ್ತದೆ; ಭೂಮಿಯ ಕೇಂದ್ರ ಸರಿಯುವುದನ್ನು ಕಾಣಲು ಬಹಳ ಕಾಲದ, ಬಹಳ ಜನರ ಅಳತೆ ಬೇಕಾಯಿತು.

ಆ ಅಳತೆಯ ಆಧುನಿಕ ಅಧ್ಯಾಯ ನಮ್ಮ ನಾಡಿನಲ್ಲಿಯೇ ತೆರೆಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯಿಂದ ಮೊದಲ್ಗೊಂಡು ಪರ್ಯಾಯದ್ವೀಪವನ್ನು ತ್ರಿಕೋನಗಳಲ್ಲಿ ಅಳೆಯುವ ಯೋಜನೆಯನ್ನು ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಅಳೆದ. 1802ರಲ್ಲಿ ಮದರಾಸಿನಲ್ಲಿ, 1804ರಲ್ಲಿ ಮತ್ತೆ ಬೆಂಗಳೂರಿನಲ್ಲಿ, 1815ರಲ್ಲಿ ಬೀದರಿನಲ್ಲಿ. ಭಾಸ್ಕರರ ತ್ರೈರಾಶಿಕವೇ ಇಲ್ಲಿ ಉಕ್ಕಿನ ಸರಪಳಿ ಹಿಡಿದು ನಡೆಯಿತು. 1823ರಲ್ಲಿ ಲ್ಯಾಂಬ್ಟನ್ ವಿದರ್ಭದ ಹಿಂಗಣಘಾಟದಲ್ಲಿ ಕಣ್ಮುಚ್ಚಿದ. ಕೆಲಸವನ್ನು ಹೆಗಲಿಗೇರಿಸಿಕೊಂಡ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಗೆ ಒಂದು ಆಕಾರವನ್ನು ನಿಗದಿ ಮಾಡಿದ. ಧ್ರುವಗಳಲ್ಲಿ ತುಸು ಒತ್ತಿದ ಆ ಗೋಲಾಭದ ಮೇಲೆಯೇ ಮುಂದೆ ಒಂದೂಮುಕ್ಕಾಲು ಶತಮಾನ ಭಾರತದ ನಕ್ಷೆಗಳು ಮೂಡಿದವು.

ಎವರೆಸ್ಟನ ಗೋಲಾಭ ಭಾರತದ ಮೈಗೆ ಅಳತೆ ತೆಗೆದು ಹೊಲಿದ ಅಂಗಿ. ಇಲ್ಲಿನ ನೆಲದ ಬಾಗಿಗೆ ಅದು ಚೆನ್ನಾಗಿ ಹೊಂದಿತು. ಇಡೀ ಭೂಮಿಗೆ ಹೊಂದಲಿಲ್ಲ. ಅದರ ಸಮಭಾಜಕ ತ್ರಿಜ್ಯ ಇಂದಿನ ಮೌಲ್ಯಕ್ಕಿಂತ ಸುಮಾರು 860 ಮೀಟರ್ ಕಡಿಮೆ. ಅಂಗಿಯನ್ನು ಮಧ್ಯಪ್ರದೇಶದ ಕಲ್ಯಾಣಪುರವೆಂಬ ಒಂದು ಬಿಂದುವಿಗೆ ಗುಂಡಿ ಹಾಕಿ ಕೂರಿಸಿದ್ದರಿಂದ, ಆ ಲೆಕ್ಕದ ಭೂಕೇಂದ್ರ ನಿಜವಾದ ಭೂಕೇಂದ್ರದಿಂದ 800 ಮೀಟರಿಗೂ ಹೆಚ್ಚು ದೂರದಲ್ಲಿತ್ತು. ನಮ್ಮ ಅಜ್ಜ ಮುತ್ತಜ್ಜಂದಿರ ಹೊಲಗದ್ದೆಗಳೆಲ್ಲ ನಕ್ಷೆಯಲ್ಲಿ ಬೇರೊಂದು ಭೂಕೇಂದ್ರದ ಸುತ್ತ ನಿಂತಿದ್ದವು! ಹಳೆಯ ನಕ್ಷೆಯಿಂದ ಸಂಭಾಜಿನಗರದ ಒಂದು ಬಿಂದುವಿನ ಅಕ್ಷಾಂಶ ರೇಖಾಂಶಗಳನ್ನು ಓದಿ ಇಂದಿನ ಮೊಬೈಲಿಗೆ ಹಾಗೆಯೇ ಕೊಟ್ಟರೆ, ನೂರು ಮೀಟರಿನ ಆಸುಪಾಸು ತಪ್ಪಿದ ಜಾಗಕ್ಕೆ ಅದು ಕರೆದೊಯ್ಯುವುದು ಇದರಿಂದಲೇ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರವೇ ಸಾರ್ವಜನಿಕ ನಕ್ಷೆಗಳು ಉಪಗ್ರಹಗಳು ಬಳಸುವ ಜಾಗತಿಕ ಗೋಲಾಭಕ್ಕೆ ಬದಲಾದವು.

ಇದನ್ನು ಎವರೆಸ್ಟನ ಅಜಾಗರೂಕತೆಯೆನ್ನಲಾಗದು. ನೆಲದ ಮೇಲೆ ನಿಂತವನಿಗೆ ‘ಕೆಳಗೆ’ ಎಂಬುದನ್ನು ತೋರಿಸುವುದು ತೂಗುಗುಂಡಿನ ದಾರವೊಂದೇ. ಆ ದಾರ ಭೂಕೇಂದ್ರಕ್ಕೆ ಸರಿಯಾಗಿ ಮುಖ ಮಾಡುವುದಿಲ್ಲ. ಪಕ್ಕದ ಬೆಟ್ಟ, ಆಳದ ಬಂಡೆ ಅದನ್ನು ಎಳೆಯುತ್ತವೆ. ಹಿಮಾಲಯದ ಸೆಳೆತವನ್ನು 1855ರಲ್ಲಿ ಪ್ರಾಟ್ ಲೆಕ್ಕ ಹಾಕಿದಾಗ, ಗಂಗಾ ಬಯಲಿನ ಅಳತೆಯಲ್ಲಿ ಕಂಡ ಐದು ವಿಕಲೆಯ ವ್ಯತ್ಯಾಸಕ್ಕಿಂತ ಅದು ಎಷ್ಟೋ ಹೆಚ್ಚಾಗಬೇಕಿತ್ತೆಂದು ತಿಳಿಯಿತು. ಪರ್ವತಗಳು ಆಳದಲ್ಲಿ ಹಗುರಾದ ಬೇರುಗಳ ಮೇಲೆ ತೇಲುತ್ತವೆಂಬ ವಿಚಾರ ಹುಟ್ಟಿದ್ದು ಆ ಚರ್ಚೆಯಿಂದಲೇ. ನೆಲದ ಮೇಲೆ ನಿಂತು ನೆಲದ ಕೇಂದ್ರವನ್ನು ಕಾಣುವುದಕ್ಕೆ ಹೀಗೆ ಒಂದು ಮಿತಿಯಿತ್ತು.

ಅಷ್ಟರಲ್ಲಿ ಅಕ್ಷವೂ ಸ್ಥಿರವಲ್ಲವೆಂಬ ಸಂಶಯ ಬೆಳೆದಿತ್ತು. ಅಕ್ಷ ಭೂಮಿಯ ಮೈಯೊಳಗೇ ಸುಮಾರು 305 ದಿನಗಳಿಗೊಮ್ಮೆ ಒಂದು ಪುಟ್ಟ ಸುತ್ತು ಹಾಕಬಹುದೆಂದು 1765ರಲ್ಲಿಯೇ ಆಯ್ಲರ್ ಗಣಿತದಿಂದ ತೋರಿಸಿದ್ದ. ನೂರು ವರ್ಷ ಹುಡುಕಿದರೂ ಅದು ಸಿಗಲಿಲ್ಲ. 1891ರಲ್ಲಿ ಅಮೆರಿಕದ ಸೇತ್ ಚಾಂಡ್ಲರ್ ಎಂಬಾತನಿಗೆ ಅದು ಸಿಕ್ಕಿತು. ಸುತ್ತಿನ ಅವಧಿ ಮಾತ್ರ ಹತ್ತು ತಿಂಗಳಲ್ಲ, ಹದಿನಾಲ್ಕು ತಿಂಗಳು. ಆಯ್ಲರನ ಭೂಮಿ ಕಲ್ಲಿನಂತೆ ಗಟ್ಟಿ, ನಿಜವಾದ ಭೂಮಿ ಒತ್ತಿದರೆ ಬಾಗುತ್ತದೆ; ವ್ಯತ್ಯಾಸದ ಗುಟ್ಟು ಅದರಲ್ಲಿತ್ತು. 1899ರಿಂದ ಜಪಾನಿನ ಮಿಜುಸಾವಾ, ಇಟಲಿಯ ಕಾರ್ಲೋಫೋರ್ತೆ ಮೊದಲಾದ ಆರು ಕೇಂದ್ರಗಳು 39 ಅಂಶ 8 ಕಲೆಯ ಒಂದೇ ಅಕ್ಷಾಂಶದಲ್ಲಿ ಕುಳಿತು, ಒಂದೇ ನಕ್ಷತ್ರಗಳನ್ನು ರಾತ್ರಿ ರಾತ್ರಿ ನೋಡಿ ಧ್ರುವದ ಅಲೆದಾಟವನ್ನು ದಾಖಲಿಸತೊಡಗಿದವು. ಯುದ್ಧ, ಕ್ರಾಂತಿಗಳ ನಡುವೆಯೂ ನಡೆದ ಆ ಕಾಯಕದಿಂದ ತಿಳಿದದ್ದು ಇಷ್ಟು: ಭೂಮಿಯ ಧ್ರುವ ಒಂದು ಗೂಟವಲ್ಲ, ಸುಮಾರು ಹದಿನೈದು ಮೀಟರ್ ಅಡ್ಡಳತೆಯ ಅಂಗಳದಲ್ಲಿ ಸುತ್ತುತ್ತಿರುವ ಹಸು.

ವೇಗದ ಸ್ಥಿರತೆಯೂ ಉಳಿಯಲಿಲ್ಲ. ಪ್ರಾಚೀನ ಗ್ರಹಣಗಳ ದಾಖಲೆಗಳನ್ನು ಇಂದಿನ ಲೆಕ್ಕಕ್ಕೆ ಹೋಲಿಸಿದರೆ, ಚಂದ್ರನ ಸೆಳೆತದಿಂದೇಳುವ ಉಬ್ಬರವಿಳಿತಗಳು ಭೂಮಿಯನ್ನು ತಡೆಯುತ್ತಿರುವುದು ತಿಳಿಯುತ್ತದೆ. ದಿನದ ಉದ್ದ ಶತಮಾನಕ್ಕೆ ಸೆಕೆಂಡಿನ ಸಾವಿರದ ಎರಡು ಭಾಗದಷ್ಟು ಬೆಳೆಯುತ್ತಿದೆ. 1955ರಲ್ಲಿ ಸೀಸಿಯಂ ಪರಮಾಣು ಗಡಿಯಾರ ಬಂದ ಮೇಲೆ, ಭೂಮಿಯೇ ಗಡಿಯಾರವಾಗಿದ್ದ ಕಾಲ ಮುಗಿದು, ಭೂಮಿಯ ತಪ್ಪನ್ನು ಹಿಡಿಯುವ ಗಡಿಯಾರದ ಕಾಲ ಮೊದಲಾಯಿತು.

ಇಲ್ಲಿಗೆ ಉಪಗ್ರಹ ಪ್ರವೇಶಿಸುತ್ತದೆ. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ, ಅದರ ರೇಡಿಯೋ ದನಿಯ ಸ್ಥಾಯಿ ಹತ್ತಿರ ಬಂದಂತೆ ಏರಿ ದೂರ ಸರಿದಂತೆ ಇಳಿಯುವುದನ್ನು ಗಮನಿಸಿದ ಅಮೆರಿಕದ ಇಬ್ಬರು ಭೌತವಿಜ್ಞಾನಿಗಳು ಅದರಿಂದಲೇ ಅದರ ಕಕ್ಷೆಯನ್ನು ಲೆಕ್ಕ ಹಾಕಿದರು. ಉಪಗ್ರಹದ ಸ್ಥಾನ ಗೊತ್ತಿದ್ದರೆ ಕೇಳುವವನ ಸ್ಥಾನವನ್ನೂ ತಿಳಿಯಬಹುದೆಂಬ ಹಿಂದುಮುಂದಿನ ಯೋಚನೆಯಿಂದ 1960ರ ದಶಕದ ಟ್ರಾನ್ಸಿಟ್ ವ್ಯವಸ್ಥೆ ಹುಟ್ಟಿತು. ಅದರ ಮುಂದಿನ ತಲೆಮಾರೇ 1978ರಲ್ಲಿ ಮೊದಲ ಉಪಗ್ರಹ ಕಂಡು 1995ರಲ್ಲಿ ಪೂರ್ಣಗೊಂಡ ಜಿಪಿಎಸ್.

ಉಪಗ್ರಹಕ್ಕೆ ತೂಗುಗುಂಡಿನ ತೊಂದರೆಯಿಲ್ಲ. 20,000 ಕಿಲೋಮೀಟರ್ ಎತ್ತರದಲ್ಲಿ ಒಂದು ಬೆಟ್ಟದ ಸೆಳೆತ ಲೆಕ್ಕಕ್ಕಿಲ್ಲ; ಅಲ್ಲಿ ಉಪಗ್ರಹ ಸುತ್ತುವುದು ನೆಲ, ಕಡಲು, ಗಾಳಿ ಎಲ್ಲ ಸೇರಿದ ಭೂಮಿಯ ಒಟ್ಟು ದ್ರವ್ಯರಾಶಿಯ ಕೇಂದ್ರದ ಸುತ್ತ. ಎವರೆಸ್ಟನ ಕೈಗೆ ಸಿಗದಿದ್ದ ಬಿಂದು ಪ್ರತಿ ಕಕ್ಷೆಯೊಳಗೂ ಅಡಗಿ ಕುಳಿತಿದೆ. ನೆಲದ ನೂರಾರು ನಿಲ್ದಾಣಗಳು ಹಲವು ಉಪಗ್ರಹಗಳಿಗೆ ತಮ್ಮ ದೂರವನ್ನು ಹಗಲಿರುಳು ಅಳೆಯುತ್ತವೆ. ಆ ನಿಲ್ದಾಣಗಳೆಲ್ಲ ಒಟ್ಟಾಗಿ ಒಂದೇ ಕಡೆಗೆ ತುಸು ವಾಲಿದಂತೆ ಕಂಡರೆ ಅಕ್ಷ ಸರಿದಿದೆ. ಎಲ್ಲವೂ ಒಟ್ಟಾಗಿ ಒಂದೇ ದಿಕ್ಕಿಗೆ ಜರುಗಿದಂತೆ ಕಂಡರೆ ಕೇಂದ್ರ ಸರಿದಿದೆ. ಈ ವಿಧಾನಕ್ಕೂ ಮಿತಿಗಳಿವೆ. ಭೂಮಿಯೇ ಹೆಚ್ಚು ತಿರುಗಿತೋ ಅಥವಾ ಉಪಗ್ರಹಗಳ ಕಕ್ಷೆಗಳೇ ಜರುಗಿದವೋ ಎಂಬುದು ಜಿಪಿಎಸ್‌ಗೆ ದೀರ್ಘಕಾಲದಲ್ಲಿ ಬಿಡಿಸಲಾಗದ ಗಂಟು. ಅದನ್ನು ಬಿಡಿಸಲು ಶತಕೋಟಿ ಜ್ಯೋತಿರ್ವರ್ಷಗಳಾಚೆಯ ಕ್ವೇಸಾರ್‌ಗಳನ್ನು ನೋಡುವ ರೇಡಿಯೋ ದೂರದರ್ಶಕಗಳು ಬೇಕು. ಕೇಂದ್ರದ ಅಲುಗಾಟವನ್ನು ಲಾಜಿಯೋಸ್‌ನಂತಹ ಕನ್ನಡಿ ಹೊದ್ದ ಉಪಗ್ರಹಗಳಿಗೆ ಲೇಸರ್ ಬಿಟ್ಟು ಅಳೆಯುವುದು ಹೆಚ್ಚು ವಿಶ್ವಾಸಾರ್ಹ. ಒಂದರ ಕುಂದನ್ನು ಇನ್ನೊಂದು ತುಂಬುತ್ತದೆ.

1994ರಲ್ಲಿ ಅಧಿಕೃತವಾಗಿ ಆರಂಭವಾದ ಜಾಗತಿಕ ಜಿಪಿಎಸ್ ಸೇವೆಯ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿಲ್ದಾಣವೂ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ನಿಲ್ದಾಣವೂ ಸೇರಿವೆ. ಲ್ಯಾಂಬ್ಟನ್ ಸರಪಳಿ ಎಳೆದ ಬೆಂಗಳೂರು ಮತ್ತೊಮ್ಮೆ ಭೂಮಿಯ ಅಳತೆಗೋಲಾಯಿತು. ಆ ನಿಲ್ದಾಣ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್‌ನಂತೆ ಈಶಾನ್ಯಕ್ಕೆ ಸರಿಯುತ್ತಿದೆ, ಇಡೀ ಪರ್ಯಾಯದ್ವೀಪವನ್ನು ಜೊತೆಗಿಟ್ಟುಕೊಂಡು. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ 2013ರಲ್ಲಿ ಇಸ್ರೋದ ಪಥದರ್ಶನ ಕೇಂದ್ರವೂ ತೆರೆದು, ನಮ್ಮದೇ ನಾವಿಕ್ ಉಪಗ್ರಹಗಳ ಕಾಲವನ್ನು ಕಾಯುತ್ತಿದೆ.

ಇಷ್ಟೆಲ್ಲ ಅಳೆದು ಕಂಡದ್ದೇನು? ಧ್ರುವದ ಸ್ಥಾನ ಇಂದು ದಿನದಿನವೂ ಕೆಲವು ಮಿಲಿಮೀಟರಿನೊಳಗೆ ತಿಳಿಯುತ್ತದೆ. ಗಾಳಿ ಪೂರ್ವಕ್ಕೆ ಬಿರುಸಾಗಿ ಬೀಸಿದರೆ ದಿನ ತುಸು ಉದ್ದವಾಗುತ್ತದೆ. ಮುಂಗಾರಿನ ನೀರು ಬಿದ್ದಾಗ ಅದರ ಭಾರಕ್ಕೆ ಹಿಮಾಲಯದ ತಪ್ಪಲಿನ ನೆಲ ಕುಗ್ಗುತ್ತದೆ, ನೀರಿಳಿದಾಗ ಮೇಲೇಳುತ್ತದೆ. ನೀರು, ಹಿಮ ಋತುಋತುವಿಗೂ ಉತ್ತರದಿಂದ ದಕ್ಷಿಣಕ್ಕೆ ಅದಲುಬದಲಾಗುವಾಗ, ನೆಲದ ದೃಷ್ಟಿಯಿಂದ ಭೂಮಿಯ ತೂಕದ ಕೇಂದ್ರ ಕೆಲವು ಮಿಲಿಮೀಟರ್ ಓಲಾಡುತ್ತದೆ. ಸೊಂಟದ ಮೇಲೆ ತುಂಬಿದ ಕೊಡವಿಟ್ಟ ಹೆಂಗಸು ಮೈಯನ್ನು ಇನ್ನೊಂದು ಕಡೆಗೆ ವಾಲಿಸಿ ನಡೆಯುವುದಿಲ್ಲವೆ, ಹಾಗೆ. ಮರಾಠವಾಡದ ಬೇಸಿಗೆಯನ್ನು ಕಂಡವರಿಗೆ ಈ ಹೋಲಿಕೆಯನ್ನು ವಿವರಿಸಬೇಕಿಲ್ಲ.

ಆಮೇಲೆ ಮನುಷ್ಯನ ಕೈಯೂ ಕಂಡಿತು. ಇಪ್ಪತ್ತನೆಯ ಶತಮಾನದುದ್ದಕ್ಕೂ ಧ್ರುವ ಕೆನಡಾದ ಕಡೆಗೆ ಮೆಲ್ಲಗೆ ಸರಿಯುತ್ತಿತ್ತು. 2000ದ ಸುಮಾರಿಗೆ ಪೂರ್ವಕ್ಕೆ ತಿರುಗಿತು. ಗ್ರೀನ್‌ಲ್ಯಾಂಡಿನ ಹಿಮ ಕರಗಿದ್ದರ ಜೊತೆಗೆ ಭಾರತ ಉಪಖಂಡ ಮತ್ತು ಕ್ಯಾಸ್ಪಿಯನ್ ಪ್ರದೇಶಗಳ ನೀರು ಕಡಿಮೆಯಾದದ್ದೂ ಇದಕ್ಕೆ ಕಾರಣವೆಂದು 2016ರ ಅಧ್ಯಯನವೊಂದು ತೋರಿಸಿತು. 2023ರಲ್ಲಿ ದಕ್ಷಿಣ ಕೊರಿಯಾದ ಕಿ-ವೆಯೊನ್ ಸಿಯೋ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. 1993ರಿಂದ 2010ರವರೆಗೆ ಜಗತ್ತು ನೆಲದಾಳದಿಂದ ಮೇಲೆತ್ತಿದ ಸುಮಾರು 2,150 ಶತಕೋಟಿ ಟನ್ ನೀರನ್ನು ಲೆಕ್ಕಕ್ಕೆ ಸೇರಿಸಿದರೆ ಮಾತ್ರ ಧ್ರುವದ ಚಲನೆ ತಾಳೆಯಾಗುತ್ತದೆ. ಆ ನೀರೊಂದೇ ಧ್ರುವವನ್ನು ಸುಮಾರು 80 ಸೆಂಟಿಮೀಟರ್ ಸರಿಸಿದೆ. ಹೀಗೆ ಹೆಚ್ಚು ನೀರೆತ್ತಿದ ಎರಡು ಪ್ರದೇಶಗಳಲ್ಲಿ ವಾಯವ್ಯ ಭಾರತ ಒಂದು. ಅಣೆಕಟ್ಟುಗಳದೂ ಪಾಲಿದೆ. 1835ರಿಂದ 2011ರವರೆಗಿನ ಸುಮಾರು ಏಳು ಸಾವಿರ ಅಣೆಕಟ್ಟುಗಳು ಹಿಡಿದಿಟ್ಟ ನೀರು ಧ್ರುವವನ್ನು ಒಟ್ಟು ಒಂದು ಮೀಟರಿನಷ್ಟು ಅತ್ತಿತ್ತ ಸರಿಸಿದೆಯೆಂದು 2025ರ ಲೆಕ್ಕ ಹೇಳುತ್ತದೆ.

ಈ ಸಾಲುಗಳನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಪೈಠಣದ ಜಾಯಕವಾಡಿ. 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟು, 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಈ ಜಲಾಶಯದ ಒಟ್ಟು ಸಾಮರ್ಥ್ಯ 102 ಟಿಎಂಸಿಗೂ ಹೆಚ್ಚು, ಎಂದರೆ ಸುಮಾರು 290 ಕೋಟಿ ಟನ್ ನೀರು. ಚೀನಾದ ತ್ರೀ ಗಾರ್ಜಸ್ ಜಲಾಶಯ ತುಂಬಿದರೆ ದಿನದ ಉದ್ದ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಶೇಕಡಾ ಆರರಷ್ಟು ಬದಲಾಗಬಹುದೆಂದು ಲೆಕ್ಕ ಹಾಕಲಾಗಿದೆ. ಜಾಯಕವಾಡಿ ಅದರ ಹದಿಮೂರನೆಯ ಒಂದು ಭಾಗಕ್ಕಿಂತ ಚಿಕ್ಕದು. ಯಾವ ಉಪಗ್ರಹವೂ ಅದನ್ನು ಬೇರೆಯಾಗಿ ಗುರುತಿಸಲಾರದು. ಆದರೂ ಅದು ಮೊತ್ತದೊಳಗಿದೆ. ಸೊನ್ನೆಯಲ್ಲದ್ದು ಸೊನ್ನೆಯಲ್ಲ.

ಸಂಭಾಜಿನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಬೆಳಗ್ಗೆ ಪತ್ರಿಕೆಯಲ್ಲಿ ಮೊದಲು ಓದುತ್ತಿದ್ದುದು ಜಾಯಕವಾಡಿಯಲ್ಲಿ ಶೇಕಡಾ ಎಷ್ಟು ನೀರಿದೆಯೆಂಬ ಅಂಕಿ. 2016ರ ಬೇಸಿಗೆಯಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಿದ್ದನ್ನು ಅವರು ಸೂತಕದ ಸುದ್ದಿಯಂತೆ ಹೇಳುತ್ತಿದ್ದರು. “ಸಾಹೇಬರೇ, ಮೇಲಿನವರು ಗಂಗೆಯನ್ನು ತಡೆದಿದ್ದಾರೆ,” ಎನ್ನುವರು. ಇಲ್ಲಿ ಗಂಗೆಯೆಂದರೆ ಗೋದಾವರಿಯೇ. ಮೇಲಿನವರೆಂದರೆ ನಾಸಿಕ, ಅಹಿಲ್ಯಾನಗರ ಜಿಲ್ಲೆಗಳವರು. ಈಗ ನಾಸಿಕದಲ್ಲಿ ನನ್ನ ಪಕ್ಕದ ಮೇಜಿನ ಸಹೋದ್ಯೋಗಿಯ ಮನೆತನ ದ್ರಾಕ್ಷಿ ಬೆಳೆಯುವವರದು. “ನಮ್ಮ ಬೆಟ್ಟದ ಮೇಲೆ ಬಿದ್ದ ಮಳೆ, ನಮ್ಮ ತೋಟ ಒಣಗುವಾಗ ಪೈಠಣಕ್ಕೇಕೆ ಹೋಗಬೇಕು?” ಎಂಬುದು ಅವರ ಪ್ರಶ್ನೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಅವರವರ ಕೇಂದ್ರ ಬೇರೆ, ಅಷ್ಟೆ. ಇಬ್ಬರೂ ತಮ್ಮ ಮೈಗೆ ಹೊಂದುವ ಗೋಲಾಭವನ್ನು ಹೊಲಿದುಕೊಂಡಿದ್ದಾರೆ.

ಈ ಜಗಳಕ್ಕೆ ಉತ್ತರವೂ ಅಳತೆಯ ರೂಪದಲ್ಲಿಯೇ ಬಂತು. 2005ರ ಕಾಯಿದೆ ಕಣಿವೆಯೊಳಗೆ ನೀರಿನ ಸಮನ್ಯಾಯದ ಹಂಚಿಕೆಯನ್ನು ಹೇಳಿತು. 2014ರಲ್ಲಿ ರಾಜ್ಯದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ ಒಂದು ಗೆರೆ ಎಳೆಯಿತು: ಅಕ್ಟೋಬರ್ 15ಕ್ಕೆ ಜಾಯಕವಾಡಿಯ ಬಳಕೆಯ ಸಂಗ್ರಹ ಶೇಕಡಾ 65 ತಲುಪದಿದ್ದರೆ ಮೇಲಿನ ಜಲಾಶಯಗಳು ನೀರು ಬಿಡಬೇಕು. 2016ರಲ್ಲಿ ಬಾಂಬೆ ಹೈಕೋರ್ಟ್ ಆ ತತ್ತ್ವವನ್ನು ಎತ್ತಿಹಿಡಿಯಿತು. ಅದರ ನಂತರವೂ ಮಳೆ ಕೈಕೊಟ್ಟ ವರ್ಷಗಳಲ್ಲಿ ಜಗಳ ಮರಳಿದೆ. ಆದರೆ ಎರಡೂ ಕಡೆಯವರು ಒಂದೇ ಅಂಕಿಯನ್ನು ಮುಂದಿಟ್ಟುಕೊಂಡು ಜಗಳವಾಡುತ್ತಿದ್ದಾರೆ. ನನ್ನ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ.

ನಾಸಿಕದ ಗಂಗಾಪುರ ಜಲಾಶಯಕ್ಕೂ ಪೈಠಣಕ್ಕೂ ನೇರ ದೂರ ಇನ್ನೂರು ಕಿಲೋಮೀಟರಿನ ಒಳಗೆ. ಭೂಮಿಯ ಅಕ್ಷಕ್ಕೆ ಈ ನೀರು ಅಲ್ಲಿದ್ದರೇನು, ಇಲ್ಲಿದ್ದರೇನು. ಅದರ ತಕ್ಕಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಜಾಗ. ಕೊಡ ಹೊತ್ತವರಿಗೆ ಆ ಇನ್ನೂರು ಕಿಲೋಮೀಟರೇ ಸರ್ವಸ್ವ. ಉಪಗ್ರಹದ ಅಳತೆ ನ್ಯಾಯವನ್ನು ಹೇಳಲಾರದು. ಆದರೆ ಅದು ಒಂದು ವಿನಯವನ್ನು ಕಲಿಸುತ್ತದೆ. ಭಾಸ್ಕರರು ಭೂಮಿಯನ್ನು ನಿಲ್ಲಿಸಿ ಅಳೆದರು, ಎವರೆಸ್ಟ್ ಕೇಂದ್ರವನ್ನು ತನ್ನ ಬಳಿಗೆ ಎಳೆದುಕೊಂಡು ಅಳೆದ. ಇಬ್ಬರ ಅಳತೆಯೂ ವ್ಯರ್ಥವಾಗಲಿಲ್ಲ, ಮುಂದಿನವರು ಅದನ್ನು ತಿದ್ದಲು ಸಾಧ್ಯವಾಯಿತು. ಒಂದು ನಿಲ್ದಾಣ ಒಂದೇ ನಿಂತು ತಾನು ಸರಿದೆನೋ ಭೂಮಿ ಸರಿಯಿತೋ ಎಂದು ಹೇಳಲಾರದು. ದೂರದೂರದ ನಿಲ್ದಾಣಗಳು ತಮ್ಮ ಅಂಕಿಗಳನ್ನು ಒಂದೆಡೆ ಇಟ್ಟಾಗಲೇ ಕೇಂದ್ರ ಕಾಣುತ್ತದೆ.

ಪಾಟಣದಿಂದ ಹಿಂದಿರುಗುವಾಗ ಘಟ್ಟವೇರಿದ ಬಸ್ಸು ಕನ್ನಡದಲ್ಲಿ ಚಹಾಕ್ಕೆ ನಿಂತಿತು. ನಿಲ್ದಾಣದ ನಲ್ಲಿಯ ಮುಂದೆ ಖಾಲಿ ಕೊಡಗಳು ಸಾಲಾಗಿದ್ದವು. ಯಾರ ಕೊಡ ಯಾರದರ ಹಿಂದೆ ಎಂಬುದರಲ್ಲಿ ಅಲ್ಲಿನ ಹೆಂಗಸರಿಗೆ ಗೊಂದಲವಿರಲಿಲ್ಲ. ಸಾಲು ಮುಂದೆ ಸರಿದಂತೆಲ್ಲ ತಮ್ಮ ಕೊಡವನ್ನು ಕಾಲಿನಿಂದ ತುಸು ಮುಂದೆ ತಳ್ಳುತ್ತಿದ್ದರು.